ಇಪ್ಪತ್ತರಿಂದ ತೊಂಬತ್ತರವರೆಗೆ: ಯಾವ ವಯಸ್ಸಿನಲ್ಲಿ ದೇಹ ಏನು ಕೇಳುತ್ತದೆ?

ನಲವತ್ತೈದರ ಪರಿಚಯದವರೊಬ್ಬರು ಎದೆ ಹಿಡಿದುಕೊಂಡು ಕುಸಿದರು ಅನ್ನುವ ಸುದ್ದಿ ಬರುತ್ತದೆ. "ಅಯ್ಯೋ, ನಿನ್ನೆವರೆಗೂ ಚೆನ್ನಾಗಿದ್ದರಲ್ಲ!" ಅಂತ ಎಲ್ಲರೂ ಹೇಳುತ್ತಾರೆ. ಅದೇ ವಾರ ಮನೆಮಂದಿಯೆಲ್ಲ ಹೋಗಿ ರಕ್ತ ಪರೀಕ್ಷೆ ಮಾಡಿಸಿಕೊಂಡು ಬರುತ್ತಾರೆ. ಸಂಜೆಗೆ ಮೊಬೈಲ್‌ಗೆ ಹತ್ತಾರು ಪುಟದ ರಿಪೋರ್ಟ್ ಬಂದು ಬೀಳುತ್ತದೆ. ಒಂದಷ್ಟು ಅಂಕಿಗಳು ದಪ್ಪಕ್ಷರದಲ್ಲಿವೆ. ಇಪ್ಪತ್ತೆಂಟರ ಮಗಳಿಗೂ ಅರವತ್ತೆರಡರ ಅಪ್ಪನಿಗೂ ಅದೇ ಪಟ್ಟಿ, ಅದೇ ಗಾಬರಿ.

ಆದರೆ ಆ ಇಬ್ಬರ ದೇಹಕ್ಕೂ ಈಗ ಬೇಕಾಗಿರುವುದು ಬೇರೆ ಬೇರೆ. ಇಪ್ಪತ್ತರಲ್ಲಿ ಸುಲಭವಾಗಿ ಆಗುವ ಕೆಲಸ ಐವತ್ತರಲ್ಲಿ ಅಷ್ಟು ಸುಲಭವಲ್ಲ. ಐವತ್ತರಲ್ಲಿ ಮಾಡಿಸಲೇಬೇಕಾದ ಪರೀಕ್ಷೆ ಇಪ್ಪತ್ತರಲ್ಲಿ ಹೆಚ್ಚಿನವರಿಗೆ ದಂಡ. ಯಾವ ವಯಸ್ಸಿನಲ್ಲಿ ದೇಹದೊಳಗೆ ಏನು ನಡೆಯುತ್ತಿರುತ್ತದೆ, ಅದರಲ್ಲಿ ನಮ್ಮ ಕೈಲಿರುವುದು ಎಷ್ಟು ಅನ್ನುವುದನ್ನು ಇಲ್ಲಿ ನೋಡೋಣ.

## ವಯಸ್ಸಾಗಿದ್ದೆಷ್ಟು, ಕೂತು ಹಾಳಾಗಿದ್ದೆಷ್ಟು?

1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ವೈದ್ಯರು ಒಂದು ಪ್ರಯೋಗ ಮಾಡಿದರು. ಇಪ್ಪತ್ತು ವರ್ಷದ ಐವರು ಆರೋಗ್ಯವಂತ ಹುಡುಗರನ್ನು ಮೂರು ವಾರ ಹಾಸಿಗೆ ಬಿಟ್ಟು ಏಳದಂತೆ ಮಲಗಿಸಿದರು. ಮೊದಲೂ ಆಮೇಲೂ ಅವರ ಕಸುವನ್ನು ಅಳೆದರು. ಅಳೆದದ್ದು ಏನನ್ನು ಅಂದರೆ, ಮೈಮುರಿದು ಓಡುವಾಗ ದೇಹ ಒಂದು ನಿಮಿಷಕ್ಕೆ ಎಷ್ಟು ಆಮ್ಲಜನಕ ಬಳಸಬಲ್ಲದು ಅನ್ನುವುದನ್ನು. ಇದನ್ನು ದೇಹದ ಎಂಜಿನ್ನಿನ ತಾಕತ್ತು ಅಂದುಕೊಳ್ಳಿ. ಹೃದಯ ಎಷ್ಟು ರಕ್ತ ತಳ್ಳುತ್ತದೆ, ಸ್ನಾಯುಗಳು ಆ ರಕ್ತದಿಂದ ಎಷ್ಟು ಆಮ್ಲಜನಕ ಹೀರಿಕೊಳ್ಳುತ್ತವೆ ಎರಡೂ ಇದರಲ್ಲಿ ಸೇರಿವೆ. ಮೂರು ವಾರ ಮಲಗಿದ್ದಷ್ಟಕ್ಕೇ ಈ ತಾಕತ್ತು ಕಾಲು ಭಾಗಕ್ಕಿಂತ ಜಾಸ್ತಿ ಇಳಿದುಹೋಗಿತ್ತು.

ಮೂವತ್ತು ವರ್ಷ ಕಳೆದ ಮೇಲೆ, 1996ರಲ್ಲಿ, ಅದೇ ಐವರನ್ನು ಮತ್ತೆ ಕರೆದರು. ಈಗ ಅವರಿಗೆಲ್ಲ ಐವತ್ತು. ತೂಕ ಏರಿತ್ತು, ಬೊಜ್ಜು ಕೂಡಿತ್ತು. ಆದರೂ ಆ ಮೂವತ್ತು ವರ್ಷಗಳಲ್ಲಿ ಕಳೆದುಕೊಂಡದ್ದು, ಇಪ್ಪತ್ತರಲ್ಲಿ ಮೂರು ವಾರ ಮಲಗಿ ಕಳೆದುಕೊಂಡಿದ್ದಕ್ಕಿಂತ ಕಡಿಮೆ! ಆಮೇಲೆ ಆರು ತಿಂಗಳು ನಿಧಾನವಾಗಿ ಹೆಚ್ಚಿಸುತ್ತಾ ನಡಿಗೆ, ಓಟ, ಸೈಕಲ್ ಮಾಡಿಸಿದರು. ಅಷ್ಟೂ ವರ್ಷಗಳ ನಷ್ಟ ವಾಪಸ್ ಬಂತು.

ಐದೇ ಜನರ ಪ್ರಯೋಗ ಇದು, ನಿಜ. ಅರವತ್ತಕ್ಕೆ ಮತ್ತೊಮ್ಮೆ ಅಳೆದಾಗ ಇಳಿಕೆಯ ವೇಗ ಹೆಚ್ಚಾಗಿತ್ತು, ಅದೂ ನಿಜ. ವಯಸ್ಸು ಸುಳ್ಳಲ್ಲ. ಆದರೆ "ವಯಸ್ಸಾಯ್ತಲ್ಲ" ಅಂತ ನಾವು ಒಪ್ಪಿಕೊಂಡುಬಿಡುವ ಎಷ್ಟೋ ಸುಸ್ತು, ಎಷ್ಟೋ ಏದುಸಿರು ನಿಜಕ್ಕೂ ಬಳಸದೆ ತುಕ್ಕು ಹಿಡಿದದ್ದು. ಬಳಸದ ದೇಹ ತನ್ನ ಖರ್ಚನ್ನು ತಾನೇ ಕಡಿಮೆ ಮಾಡಿಕೊಳ್ಳುತ್ತದೆ. ರಕ್ತದ ಪ್ರಮಾಣ ಇಳಿಸುತ್ತದೆ, ಸ್ನಾಯು ಕರಗಿಸುತ್ತದೆ. ಒಂದು ಬಡಿತಕ್ಕೆ ಹೃದಯ ತಳ್ಳುವ ರಕ್ತವೂ ಕಡಿಮೆಯಾಗುತ್ತದೆ. ಮುಂದೆ ಓದುವಾಗ ಈ ಮಾತು ನೆನಪಿರಲಿ.

## ಇಪ್ಪತ್ತರ ಹತ್ತು ವರ್ಷ: ಕೂಡಿಡುವ ಕಾಲ

ಮೂಳೆ ಅಂದರೆ ಕಲ್ಲಿನಂತೆ ಸತ್ತ ವಸ್ತು ಅಂತ ಅನೇಕರು ತಿಳಿದಿದ್ದಾರೆ. ಅಲ್ಲ. ಅದು ಸದಾ ರಿಪೇರಿ ನಡೆಯುತ್ತಿರುವ ಮನೆ. ಒಂದು ಬಗೆಯ ಜೀವಕೋಶಗಳು ಹಳೆಯ ಮೂಳೆಯನ್ನು ಕೆಡವುತ್ತಾ ಹೋಗುತ್ತವೆ, ಇನ್ನೊಂದು ಬಗೆಯವು ಹಿಂದೆಯೇ ಕಟ್ಟುತ್ತಾ ಬರುತ್ತವೆ. ಹೀಗೆ ಸುಮಾರು ಹತ್ತು ವರ್ಷಕ್ಕೊಮ್ಮೆ ಇಡೀ ಅಸ್ಥಿಪಂಜರವೇ ಹೊಸದಾಗುತ್ತದೆ. ಇಪ್ಪತ್ತರ ಕೊನೆಯವರೆಗೆ ಕಟ್ಟುವವರ ಕೈ ಮೇಲಿರುತ್ತದೆ. ಆಮೇಲೆ ಕೆಲವು ವರ್ಷ ಇಬ್ಬರೂ ಸಮ. ಅಲ್ಲಿಂದ ಮುಂದೆ ಕೆಡವುವವರದೇ ಮೇಲುಗೈ.

ಅಂದರೆ ಎಪ್ಪತ್ತರಲ್ಲಿ ಕಾಲು ಜಾರಿ ಬಿದ್ದಾಗ ಸೊಂಟದ ಮೂಳೆ ಮುರಿಯುತ್ತದೋ ಉಳಿಯುತ್ತದೋ ಅನ್ನುವುದರಲ್ಲಿ ಇಪ್ಪತ್ತೈದರಲ್ಲಿ ಕೂಡಿಟ್ಟದ್ದರ ಪಾಲು ದೊಡ್ಡದು. ಮೂಳೆಗೆ ಭಾರ ಬಿದ್ದಾಗ, ಅಂದರೆ ಓಡುವಾಗ, ಜಿಗಿಯುವಾಗ, ತೂಕ ಎತ್ತುವಾಗ, ಕಟ್ಟುವ ಕೋಶಗಳಿಗೆ ಕೆಲಸದ ಸೂಚನೆ ಹೋಗುತ್ತದೆ. ಸಾಮಗ್ರಿಯಾಗಿ ಕ್ಯಾಲ್ಸಿಯಂ, ವಿಟಮಿನ್ ಡಿ, ಪ್ರೋಟೀನ್ ಬೇಕು. ಊಟ ಬಿಟ್ಟು ಮೈ ಇಳಿಸುವ ಗೀಳು ಈ ವಯಸ್ಸಿಗೆ ಕೆಟ್ಟದ್ದು ಅನ್ನುವುದು ಇದಕ್ಕೇ.

ರಕ್ತನಾಳಗಳ ಕಥೆಯೂ ಇಲ್ಲಿಂದಲೇ ಶುರು. 1953ರಲ್ಲಿ ಅಮೆರಿಕದ ವೈದ್ಯರು ಕೊರಿಯಾ ಯುದ್ಧದಲ್ಲಿ ಸತ್ತ 300 ಸೈನಿಕರ ಹೃದಯಗಳನ್ನು ಪರೀಕ್ಷಿಸಿದ ವರದಿ ಪ್ರಕಟಿಸಿದರು. ಅವರ ಸರಾಸರಿ ವಯಸ್ಸು 22. ನೂರರಲ್ಲಿ 77 ಮಂದಿಯ ಹೃದಯದ ರಕ್ತನಾಳಗಳಲ್ಲಿ ಆಗಲೇ ಕಾಯಿಲೆಯ ಗುರುತುಗಳಿದ್ದವು. ಕೆಲವರಲ್ಲಿ ತೆಳುವಾದ ಕೊಬ್ಬಿನ ಗೆರೆ, ಕೆಲವರಲ್ಲಿ ನಾಳವೇ ಕಿರಿದಾಗುವಷ್ಟು. ಬದುಕಿದ್ದಾಗ ಅವರಿಗೆ ಅದರ ಸುಳಿವೇ ಇರಲಿಲ್ಲ. "ನಿನ್ನೆವರೆಗೂ ಚೆನ್ನಾಗಿದ್ದರು" ಅನ್ನುವ ಮಾತಿನ ಹಿಂದೆ ಇಂಥ ಇಪ್ಪತ್ತು, ಮೂವತ್ತು ವರ್ಷಗಳಿರುತ್ತವೆ.

ಈ ವಯಸ್ಸಿನಲ್ಲಿ ಬಿಡಬೇಕಾದದ್ದು ಏನಾದರೂ ಇದ್ದರೆ ಅದು ತಂಬಾಕು. ಬ್ರಿಟನ್ನಿನಲ್ಲಿ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಎಂಬ ಸಂಶೋಧಕರು 1951ರಲ್ಲಿ 34,000ಕ್ಕೂ ಹೆಚ್ಚು ಪುರುಷ ವೈದ್ಯರನ್ನು ಆರಿಸಿಕೊಂಡು ಅವರ ಧೂಮಪಾನದ ಲೆಕ್ಕ ಬರೆಯತೊಡಗಿದರು. 50 ವರ್ಷಗಳ ಫಲಿತಾಂಶ 2004ರಲ್ಲಿ ಬಂತು. ಸಿಗರೇಟು ಬಿಡದವರು ಸರಾಸರಿ 10 ವರ್ಷ ಬೇಗ ಸತ್ತಿದ್ದರು. ಮೂವತ್ತರಲ್ಲಿ ಬಿಟ್ಟವರಿಗೆ ಆ ಹತ್ತೂ ವರ್ಷ ಹೆಚ್ಚುಕಡಿಮೆ ವಾಪಸ್ ಸಿಕ್ಕಿತ್ತು. ನಲವತ್ತರಲ್ಲಿ ಬಿಟ್ಟವರಿಗೆ 9, ಐವತ್ತರಲ್ಲಿ ಬಿಟ್ಟವರಿಗೆ 6, ಅರವತ್ತರಲ್ಲಿ ಬಿಟ್ಟವರಿಗೆ 3. ಅರವತ್ತಾದ ಮೇಲೂ ಮೂರು ವರ್ಷ ಅಂದರೆ ಸಣ್ಣ ಮಾತಲ್ಲ, ಅಲ್ವಾ?

ಇನ್ನೊಂದು ಸಂಗತಿ. ಬದುಕಿನಲ್ಲಿ ಬರುವ ಮಾನಸಿಕ ಕಾಯಿಲೆಗಳಲ್ಲಿ ಮುಕ್ಕಾಲು ಪಾಲು 24ರೊಳಗೇ ತಲೆದೋರುತ್ತವೆ. ನಿದ್ದೆ ಕೆಟ್ಟು, ಏನೂ ಬೇಡ ಅನ್ನಿಸುವುದು ವಾರಗಟ್ಟಲೆ ಮುಂದುವರಿದರೆ ಅದು ಸೋಮಾರಿತನವಲ್ಲ. ವೈದ್ಯರಿಗೆ ತೋರಿಸಬೇಕಾದ ವಿಷಯ.

## ಮೂವತ್ತರಲ್ಲಿ ಹೊಟ್ಟೆ ಬರುವುದೇಕೆ?

"ಮೂವತ್ತು ದಾಟಿತು, ಮೆಟಬಾಲಿಸಂ ನಿಧಾನವಾಯಿತು" ಅನ್ನುವ ಮಾತು ಎಲ್ಲೆಡೆ ಕೇಳುತ್ತದೆ. ಮೆಟಬಾಲಿಸಂ ಅಂದರೆ ತಿಂದದ್ದನ್ನು ದೇಹ ಶಕ್ತಿಯಾಗಿ ಉರಿಸುವ ಕೆಲಸ. 2021ರಲ್ಲಿ 29 ದೇಶಗಳ 6,400ಕ್ಕೂ ಹೆಚ್ಚು ಜನರ, ಎಂಟು ದಿನದ ಕೂಸಿನಿಂದ 95ರ ಮುದುಕರವರೆಗಿನವರ, ಶಕ್ತಿಯ ಖರ್ಚನ್ನು ಅಳೆದ ಅಧ್ಯಯನ ಬಂತು. ದೇಹದ ಗಾತ್ರದ ಲೆಕ್ಕ ಹಿಡಿದು ನೋಡಿದರೆ ಈ ಖರ್ಚು 20ರಿಂದ 60ರವರೆಗೆ ಹೆಚ್ಚುಕಡಿಮೆ ಒಂದೇ ಸಮ ಇರುತ್ತದೆ. ಇಳಿಯತೊಡಗುವುದು ಅರವತ್ತರ ಮೇಲೆ.

ಹಾಗಾದರೆ ಹೊಟ್ಟೆ ಎಲ್ಲಿಂದ ಬಂತು? ಆಟ ನಿಂತಿತು. ಕೂತು ಮಾಡುವ ಕೆಲಸ ಹೆಚ್ಚಿತು. ರಾತ್ರಿ ಮಗು ಎಬ್ಬಿಸುತ್ತದೆ. ನಿದ್ದೆ ಕಡಿಮೆಯಾದರೆ ಹಸಿವು ಜಾಸ್ತಿಯಾಗುತ್ತದೆ. ವಯಸ್ಕರಿಗೆ ದಿನಕ್ಕೆ ಕನಿಷ್ಠ 7 ಗಂಟೆ ನಿದ್ದೆ ಬೇಕು. ಇದರ ಜೊತೆಗೆ ಮೂವತ್ತರಿಂದ ಸ್ನಾಯು ಮೆಲ್ಲಗೆ ಕರಗತೊಡಗುತ್ತದೆ, ಹತ್ತು ವರ್ಷಕ್ಕೆ ಸುಮಾರು ನೂರಕ್ಕೆ 3ರಿಂದ 8 ಪಾಲು. ಕರಗಿದ ಜಾಗಕ್ಕೆ ಕೊಬ್ಬು ಬಂದು ಕೂತರೆ ತಕ್ಕಡಿಯಲ್ಲಿ ವ್ಯತ್ಯಾಸವೇ ಕಾಣಿಸುವುದಿಲ್ಲ. ಅದಕ್ಕೇ ತೂಕದ ಜೊತೆ ಸೊಂಟದ ಸುತ್ತಳತೆಯನ್ನೂ ನೋಡಬೇಕು.

ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇಷ್ಟು: ವಾರಕ್ಕೆ 150ರಿಂದ 300 ನಿಮಿಷ ಬಿರುಸಿನ ನಡಿಗೆಯಂಥ ಚಟುವಟಿಕೆ, ಜೊತೆಗೆ ಎರಡು ದಿನವಾದರೂ ಸ್ನಾಯು ಬಲಪಡಿಸುವ ವ್ಯಾಯಾಮ. ಬಿರುಸು ಅಂದರೆ ಎಷ್ಟು? ನಡೆಯುತ್ತಾ ಮಾತಾಡಲು ಆಗಬೇಕು, ಆದರೆ ಹಾಡಲು ಆಗಬಾರದು. ಒಂದೇ ಸಲ ಒಂದು ಗಂಟೆ ಸಿಗದವರು ಹತ್ತತ್ತು ನಿಮಿಷ ಸೇರಿಸಿದರೂ ಲೆಕ್ಕಕ್ಕೆ ಬರುತ್ತದೆ.

ತಾಯಂದಿರಿಗೆ ಒಂದು ಮಾತು ಯಾರೂ ಸರಿಯಾಗಿ ಹೇಳುವುದಿಲ್ಲ. ಬಸಿರಿನಲ್ಲಿ ಶುಗರ್ ಬಂದು ಹೆರಿಗೆಯ ನಂತರ ಹೋಯಿತು ಅಂದರೆ ಕಥೆ ಮುಗಿಯಲಿಲ್ಲ. ಅಂಥವರಿಗೆ ಮುಂದೆ ಡಯಾಬಿಟಿಸ್ ಬರುವ ಸಾಧ್ಯತೆ ಬೇರೆಯವರಿಗಿಂತ ಹೆಚ್ಚು. ಬಸಿರಿನಲ್ಲಿ ಬಿ.ಪಿ. ಏರಿದವರಿಗೂ ಹಾಗೆಯೇ, ಮುಂದೆ ಬಿ.ಪಿ. ಮತ್ತು ಹೃದಯದ ಕಾಯಿಲೆ. ಇವರು ನಲವತ್ತಾಗಲಿ ಅಂತ ಕಾಯದೆ ಆಗಾಗ ಪರೀಕ್ಷೆ ಮಾಡಿಸುತ್ತಿರಬೇಕು. ಗರ್ಭಕೊರಳಿನ ಕ್ಯಾನ್ಸರ್‌ಗೆ ಕಾರಣವಾಗುವ ಎಚ್‌ಪಿವಿ ವೈರಸ್ ಇದೆಯೇ ಅಂತ ನೋಡುವ ಪರೀಕ್ಷೆಯನ್ನು ವಿಶ್ವ ಆರೋಗ್ಯ ಸಂಸ್ಥೆ 30ರಿಂದ ಶುರುಮಾಡಿ ಎನ್ನುತ್ತದೆ, 5ರಿಂದ 10 ವರ್ಷಕ್ಕೊಮ್ಮೆ.

## ನಲವತ್ತು: ಸದ್ದು ಮಾಡದ ಮೂವರು

ನಲವತ್ತರ ಆಸುಪಾಸಿನಲ್ಲಿ ಪುಸ್ತಕ ಹಿಡಿದ ಕೈ ದೂರ ದೂರ ಸರಿಯುತ್ತದೆ. ಕಣ್ಣಿನ ಮಸೂರ ಗಡುಸಾಗಿ ಹತ್ತಿರದ್ದು ಮಸುಕಾಗುತ್ತದೆ, ಕನ್ನಡಕ ಹಾಕಿಕೊಂಡರೆ ಆಯಿತು. ಹೀಗೆ ತಾನಾಗಿ ಹೇಳಿಕೊಳ್ಳುವ ತೊಂದರೆ ಒಳ್ಳೆಯದು. ಬಿ.ಪಿ., ಶುಗರ್, ಕೊಲೆಸ್ಟ್ರಾಲ್ ಹಾಗಲ್ಲ. ಅವು ನೋಯುವುದಿಲ್ಲ.

ಬಿ.ಪಿ. ಅಂದರೆ ರಕ್ತ ನಾಳದ ಗೋಡೆಯನ್ನು ಒತ್ತುವ ಒತ್ತಡ. ಮೇಲಿನ ಅಂಕಿ ಹೃದಯ ಹಿಂಡಿದಾಗಿನದು, ಕೆಳಗಿನದು ಹೃದಯ ಸಡಿಲಾದಾಗಿನದು. 120/80ಕ್ಕಿಂತ ಕಡಿಮೆ ಇದ್ದರೆ ಒಳ್ಳೆಯದು. 140/90 ಮತ್ತು ಮೇಲಿದ್ದರೆ ಕಾಯಿಲೆ ಅಂತ ಹೆಚ್ಚಿನ ಕಡೆ ಹೇಳುತ್ತಾರೆ, ಅಮೆರಿಕದ ಹೃದಯ ತಜ್ಞರು 2017ರಿಂದ 130/80ರಲ್ಲೇ ಎಚ್ಚರಿಸುತ್ತಾರೆ. ಸದಾ ಜಾಸ್ತಿ ಒತ್ತಡದಲ್ಲಿ ನೀರು ಹರಿಯುವ ಪೈಪ್ ಏನಾಗುತ್ತದೋ ಮಿದುಳು, ಮೂತ್ರಪಿಂಡ, ಕಣ್ಣಿನ ಸಣ್ಣ ನಾಳಗಳಿಗೂ ಅದೇ ಆಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ, ಬಿ.ಪಿ. ಇರುವವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನರಿಗೆ ತಮಗೆ ಅದು ಇದೆ ಅಂತಲೇ ಗೊತ್ತಿಲ್ಲ.

ಒಂದು ಕಾಲಕ್ಕೆ ವೈದ್ಯರೂ ಇದನ್ನು ವಯಸ್ಸಿನ ಸಹಜ ಗುಣ ಅಂತ ಬಿಟ್ಟುಬಿಡುತ್ತಿದ್ದರು. ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ 1945ರಲ್ಲಿ ಮಿದುಳಿನ ರಕ್ತಸ್ರಾವದಿಂದ ಸತ್ತಾಗ ಅವರಿಗೆ 63. ಆ ದಿನ ಅವರ ಬಿ.ಪಿ. 300/190 ಇತ್ತು. 1948ರಲ್ಲಿ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನ 5,209 ಜನರನ್ನು ವರ್ಷಗಟ್ಟಲೆ ಗಮನಿಸುವ ಅಧ್ಯಯನ ಶುರುವಾಯಿತು. ಹೃದಯದ ಕಾಯಿಲೆ ಆಕಾಶದಿಂದ ಬೀಳುವುದಿಲ್ಲ, ಬಿ.ಪಿ., ಕೊಲೆಸ್ಟ್ರಾಲ್, ಸಿಗರೇಟು ಅದಕ್ಕೆ ದಾರಿ ಮಾಡಿಕೊಡುತ್ತವೆ ಅಂತ ಗಟ್ಟಿಯಾಗಿ ತೋರಿಸಿದ್ದು ಆ ಅಧ್ಯಯನ.

ಬಿ.ಪಿ. ನೋಡುವ ರೀತಿಯೂ ಮುಖ್ಯ. ಮೆಟ್ಟಿಲು ಹತ್ತಿ ಬಂದವರ ತೋಳಿಗೆ ಅಂಗಿಯ ಮೇಲೇ ಪಟ್ಟಿ ಸುತ್ತಿ, ಮಾತಾಡಿಸುತ್ತಾ ಗಾಳಿ ತುಂಬಿದರೆ ಬರುವ ಅಂಕಿ ನಿಮ್ಮದಲ್ಲ. ಅರ್ಧ ಗಂಟೆ ಮುಂಚಿನಿಂದ ಕಾಫಿ, ಸಿಗರೇಟು ಬೇಡ. ಮೂತ್ರಕ್ಕೆ ಹೋಗಿ ಬನ್ನಿ. ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ, ಕಾಲ ಮೇಲೆ ಕಾಲು ಹಾಕದೆ, ಪಾದ ನೆಲಕ್ಕೆ ತಾಗಿಸಿ ಐದು ನಿಮಿಷ ಸುಮ್ನೆ ಕೂರಿ. ಬರಿ ತೋಳಿಗೆ ಪಟ್ಟಿ ಸುತ್ತಿ, ತೋಳು ಎದೆಯ ಮಟ್ಟದಲ್ಲಿ ಮೇಜಿನ ಮೇಲಿರಲಿ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ. ಒಂದೇ ದಿನದ ಅಂಕಿ ನೋಡಿ ಹೆದರುವುದೂ ಬೇಡ, ನಿರಾಳವಾಗುವುದೂ ಬೇಡ.

ಶುಗರ್. ಸಕ್ಕರೆ ಅಂಶ ರಕ್ತದಿಂದ ಜೀವಕೋಶದ ಒಳಗೆ ಹೋಗಲು ಇನ್ಸುಲಿನ್ ಎಂಬ ಕೀಲಿಕೈ ಬೇಕು. ಹೊಟ್ಟೆಯ ಸುತ್ತ ಕೊಬ್ಬು ಸೇರಿ, ಓಡಾಟ ಕಡಿಮೆಯಾದಾಗ ಬೀಗ ಬಿಗಿಯಾಗುತ್ತದೆ. ಒಂದು ಕೀಲಿಯಿಂದ ಆಗುತ್ತಿದ್ದ ಕೆಲಸಕ್ಕೆ ದೇಹ ನಾಲ್ಕು ಕೀಲಿ ಮಾಡಬೇಕಾಗುತ್ತದೆ. ಅದು ದಣಿದಾಗ ರಕ್ತದಲ್ಲಿ ಸಕ್ಕರೆ ಉಳಿಯುತ್ತದೆ. ಖಾಲಿ ಹೊಟ್ಟೆಯಲ್ಲಿ ಡೆಸಿಲೀಟರ್‌ಗೆ 100 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಸರಿ, 100ರಿಂದ 125 ಹೊಸ್ತಿಲು, 126 ಅಥವಾ ಮೇಲಿದ್ದರೆ ಡಯಾಬಿಟಿಸ್. ರಿಪೋರ್ಟಿನಲ್ಲಿ ಎಚ್‌ಬಿಎ1ಸಿ ಅಂತಲೂ ಇರುತ್ತದೆ. ರಕ್ತದ ಕೆಂಪು ಕಣಗಳಿಗೆ ಸಕ್ಕರೆ ಅಂಟಿಕೊಳ್ಳುತ್ತದೆ, ಆ ಕಣಗಳು ಬದುಕುವುದು ಸುಮಾರು 120 ದಿನ. ಎಷ್ಟು ಅಂಟಿದೆ ಅಂತ ನೋಡಿದರೆ ಎರಡು ಮೂರು ತಿಂಗಳ ಲೆಕ್ಕ ಸಿಕ್ಕಿತು. ಪರೀಕ್ಷೆಯ ಹಿಂದಿನ ದಿನ ಸಿಹಿ ಬಿಟ್ಟರೆ ಇದನ್ನು ಏಮಾರಿಸಲು ಆಗುವುದಿಲ್ಲ. ನೂರಕ್ಕೆ 5.7ಕ್ಕಿಂತ ಕಡಿಮೆ ಇದ್ದರೆ ಒಳ್ಳೆಯದು, 6.5 ಅಥವಾ ಮೇಲಿದ್ದರೆ ಡಯಾಬಿಟಿಸ್. ನಡುವಿನದು ಹೊಸ್ತಿಲು. ಹೊಸ್ತಿಲಿನಿಂದ ಹಿಂದಕ್ಕೆ ಬರಲು ಸಾಧ್ಯ ಅನ್ನುವುದು ಜನರಿಗೆ ಗೊತ್ತಾಗಬೇಕು. ತೂಕ ಸ್ವಲ್ಪ ಇಳಿಸಿ, ದಿನಾ ನಡೆದು ಎಷ್ಟೋ ಜನ ಬಂದಿದ್ದಾರೆ.

ಕೊಲೆಸ್ಟ್ರಾಲ್ ವಿಷವಲ್ಲ. ಜೀವಕೋಶದ ಗೋಡೆಗೆ ಅದು ಬೇಕು. ತೊಂದರೆ ಇರುವುದು ಎಲ್‌ಡಿಎಲ್ ಎಂಬ ಸಾಗಣೆ ಕಣಗಳಲ್ಲಿ. ಅವು ಜಾಸ್ತಿಯಾದರೆ ನಾಳದ ಗೋಡೆಯೊಳಗೆ ನುಗ್ಗಿ ಕೂರುತ್ತವೆ. ಇಲ್ಲಿ ಮುಖ್ಯ ಎಷ್ಟಿದೆ ಅನ್ನುವುದೊಂದೇ ಅಲ್ಲ, ಎಷ್ಟು ವರ್ಷದಿಂದ ಇದೆ ಅನ್ನುವುದೂ ಹೌದು. ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತ ಆಗಿದ್ದರೆ ಇದನ್ನು ಇಪ್ಪತ್ತರಲ್ಲೇ ಒಮ್ಮೆ ನೋಡಿಸಿಕೊಳ್ಳುವುದು ಲೇಸು.

## ದಪ್ಪಕ್ಷರ ಕಂಡರೆಲ್ಲ ಕಾಯಿಲೆಯೇ?

ಎಷ್ಟು ಹೆಚ್ಚು ಪರೀಕ್ಷೆ ಮಾಡಿಸಿದರೆ ಅಷ್ಟು ಒಳ್ಳೆಯದು ಅಲ್ವಾ? ಅಲ್ಲ. ಅನೇಕ ಪರೀಕ್ಷೆಗಳ "ನಾರ್ಮಲ್" ಮಿತಿಯನ್ನು ಗೊತ್ತುಮಾಡುವುದು ಹೀಗೆ: ಆರೋಗ್ಯವಂತರ ಒಂದು ಗುಂಪನ್ನು ಅಳೆದು, ನೂರರಲ್ಲಿ 95 ಮಂದಿ ಬರುವ ವ್ಯಾಪ್ತಿಯನ್ನು ಸರಿ ಅನ್ನುತ್ತಾರೆ. ಉಳಿದ ಐವರು ಆರೋಗ್ಯವಾಗಿದ್ದರೂ ಗೆರೆಯ ಹೊರಗೆ. ಈಗ ಒಬ್ಬ ಆರೋಗ್ಯವಂತನಿಗೆ ಒಂದಕ್ಕೊಂದು ಸಂಬಂಧವಿಲ್ಲದ ಇಂಥ 20 ಪರೀಕ್ಷೆ ಮಾಡಿ. ಒಂದಾದರೂ ದಪ್ಪಕ್ಷರದಲ್ಲಿ ಬರುವ ಸಾಧ್ಯತೆ ನೂರಕ್ಕೆ 64. ಆಮೇಲೆ ಅದನ್ನು ಹಿಡಿದು ಸ್ಕ್ಯಾನ್, ಇನ್ನೊಂದು ಪರೀಕ್ಷೆ, ನಿದ್ದೆಯಿಲ್ಲದ ರಾತ್ರಿಗಳು. ನಿಮ್ಮ ವಯಸ್ಸು, ಮನೆತನದ ಕಾಯಿಲೆ, ಅಭ್ಯಾಸ ನೋಡಿ ವೈದ್ಯರು ಆರಿಸಿದ ನಾಲ್ಕು ಪರೀಕ್ಷೆ, ಸುಮ್ನೆ ಮಾಡಿಸಿದ ಎಂಬತ್ತಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತವೆ.

## ಐವತ್ತರ ಹೊತ್ತಿಗೆ

ಹೆಚ್ಚಿನ ಹೆಂಗಸರಿಗೆ 45ರಿಂದ 55ರೊಳಗೆ ಮುಟ್ಟು ನಿಲ್ಲುತ್ತದೆ. ಸತತ 12 ತಿಂಗಳು ಮುಟ್ಟಾಗದಿದ್ದರೆ ನಿಂತಿತು ಅಂತ ಲೆಕ್ಕ. ಮೈ ಬಿಸಿಯೇರಿ ಬೆವರುವುದು, ನಿದ್ದೆ ಕೆಡುವುದು, ಸಿಡಿಮಿಡಿ ಎಲ್ಲರಿಗೂ ಕಾಣುತ್ತವೆ. ಕಾಣದ್ದು ಮೂಳೆಯ ಸವೆತ. ಈಸ್ಟ್ರೋಜನ್ ಎಂಬ ಹಾರ್ಮೋನು ಮೂಳೆ ಕೆಡವುವ ಕೋಶಗಳನ್ನು ಹಿಡಿತದಲ್ಲಿ ಇಟ್ಟಿರುತ್ತದೆ. ಅದು ಇಳಿದ ಕೂಡಲೇ ಆ ಕೋಶಗಳಿಗೆ ಲಗಾಮು ಇಲ್ಲ. ಮೊದಲ ಕೆಲವು ವರ್ಷ ಮೂಳೆ ವೇಗವಾಗಿ ಸವೆಯುತ್ತದೆ. ಹೃದಯದ ಅಪಾಯವೂ ಈ ಹೊತ್ತಿನಿಂದ ಏರುತ್ತದೆ. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ತಡಮಾಡದೆ ತೋರಿಸಬೇಕು. ಹಲವು ಸಲ ಅದು ಏನೂ ಇರುವುದಿಲ್ಲ, ಆದರೆ ಗರ್ಭಕೋಶದ ಕ್ಯಾನ್ಸರಿನ ಮೊದಲ ಸೂಚನೆ ಅದೇ ಆಗಿರಬಹುದು.

ದೊಡ್ಡ ಕರುಳಿನ ಕ್ಯಾನ್ಸರ್ ಪರೀಕ್ಷೆ 45ರಿಂದ 50ರೊಳಗೆ ಶುರುವಾಗಬೇಕು ಅನ್ನುವುದಕ್ಕೆ ಒಂದು ಕಾರಣವಿದೆ. ಕರುಳಿನ ಒಳಗೋಡೆಯ ಸಣ್ಣ ಗಂಟು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು ವರ್ಷದಷ್ಟು ಹಿಡಿಯುತ್ತದೆ. ಆ ಗಂಟನ್ನು ತೆಗೆದುಬಿಟ್ಟರೆ ಕಾಯಿಲೆ ಶುರುವಾಗುವ ಮೊದಲೇ ಮುಗಿಯಿತು. ಸ್ತನದ ಕ್ಯಾನ್ಸರ್ ಹುಡುಕುವ ಎಕ್ಸ್‌ರೇ, ಅಂದರೆ ಮ್ಯಾಮೋಗ್ರಾಂ ಕೂಡ 40ರಿಂದ 50ರೊಳಗೆ ಶುರು, ದೇಶದಿಂದ ದೇಶಕ್ಕೆ ವಯಸ್ಸು ಬೇರೆ.

## ಅರವತ್ತರಿಂದ ಮುಂದೆ: ಕುರ್ಚಿಯೇ ಪರೀಕ್ಷಕ

ಈ ವಯಸ್ಸಿನಲ್ಲಿ ಆಟದ ನಿಯಮ ಬದಲಾಗುತ್ತದೆ. ತೂಕ ಇಳಿಯಿತು ಅಂತ ಖುಷಿಪಡುವ ಮೊದಲು ಇಳಿದದ್ದು ಕೊಬ್ಬೋ ಸ್ನಾಯುವೋ ಅಂತ ಕೇಳಬೇಕು. ಹಸಿವು ತಗ್ಗುತ್ತದೆ, ಊಟ ಸಣ್ಣದಾಗುತ್ತದೆ. ಆ ಸಣ್ಣ ಊಟದಲ್ಲೂ ಪ್ರೋಟೀನ್ ಇರಲೇಬೇಕು. ಬಾಯಾರಿಕೆಯ ಅರಿವೂ ಮಂದವಾಗುತ್ತದೆ, ಹಾಗಾಗಿ ಬಾಯಿ ಒಣಗುವವರೆಗೆ ಕಾಯದೆ ನೀರು ಕುಡಿಯಬೇಕು.

ಕಿವಿಯನ್ನು ಕಡೆಗಣಿಸಬಾರದು. ಸರಿಯಾಗಿ ಕೇಳಿಸದವರು ಮೆಲ್ಲಗೆ ಮಾತಿನಿಂದ ದೂರ ಸರಿಯುತ್ತಾರೆ. ಮರೆವಿನ ಕಾಯಿಲೆಯಾದ ಡಿಮೆನ್ಶಿಯಾ ಬಗ್ಗೆ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಕೊಟ್ಟ ವರದಿಯಲ್ಲಿ ನಾವು ಬದಲಾಯಿಸಬಹುದಾದ 14 ಕಾರಣಗಳಿವೆ. ಕಿವಿ ಮಂದವಾಗುವುದು ಅವುಗಳಲ್ಲಿ ಒಂದು. ಕನ್ನಡಕಕ್ಕೆ ನಾಚದವರು ಕಿವಿಯ ಯಂತ್ರಕ್ಕೆ ನಾಚಬೇಕಿಲ್ಲ.

ದೊಡ್ಡ ಭಯ ಬೀಳುವುದು. ಮಿದುಳು, ಒಳಕಿವಿ, ಕಣ್ಣು, ಪಾದ, ತೊಡೆಯ ಸ್ನಾಯು ಎಲ್ಲ ಸೇರಿ ನಮ್ಮನ್ನು ನೆಟ್ಟಗೆ ನಿಲ್ಲಿಸುತ್ತವೆ. ನಿದ್ದೆಯ ಮಾತ್ರೆ, ಕೆಲವು ಬಿ.ಪಿ. ಮಾತ್ರೆಗಳೂ ತಲೆ ತಿರುಗಿಸಬಹುದು. ವರ್ಷಕ್ಕೊಮ್ಮೆ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರ ಮೇಜಿನ ಮೇಲಿಟ್ಟು "ಇವೆಲ್ಲ ಇನ್ನೂ ಬೇಕೇ?" ಅಂತ ಕೇಳಿ. 65 ದಾಟಿದವರಿಗೆ ವಾರಕ್ಕೆ ಮೂರು ದಿನವಾದರೂ ಸಮತೋಲನದ ವ್ಯಾಯಾಮ ಬೇಕು.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಕೈ ಇಲ್ಲದ ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿಡಿ. ಪಕ್ಕದಲ್ಲಿ ಯಾರಾದರೂ ಇರಲಿ. ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡ ಕಟ್ಟಿಕೊಂಡು ಪೂರ್ತಿ ಎದ್ದು ನಿಲ್ಲಿ, ಕೂರಿ. 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದಿರಿ? 60ರಿಂದ 64ರ ಗಂಡಸರು 14, ಹೆಂಗಸರು 12 ಸಲಕ್ಕಿಂತ ಕಡಿಮೆ ಎದ್ದರೆ ತೊಡೆಗಳಿಗೆ ಕೆಲಸ ಬೇಕಾಗಿದೆ ಅಂತ ಅರ್ಥ. 80ರಿಂದ 84ರವರಿಗೆ ಆ ಗಡಿ 10 ಮತ್ತು 9. ಕಡಿಮೆ ಬಂದರೆ ಮದ್ದು ಬೇರೆ ಹುಡುಕಬೇಕಿಲ್ಲ. ದಿನಾ ಅದೇ ಕುರ್ಚಿಯಿಂದ ಎದ್ದು ಕೂರುವುದೇ ಒಳ್ಳೆಯ ವ್ಯಾಯಾಮ.

"ಇನ್ನು ಈ ವಯಸ್ಸಿಗೆ ಏನಾಗುತ್ತದೆ" ಅನ್ನುವವರಿಗೆ 1990ರಲ್ಲಿ ಬಾಸ್ಟನ್ನಿನಿಂದ ಬಂದ ಒಂದು ವರದಿ ಹೇಳಬೇಕು. ಆರೈಕೆ ಮನೆಯೊಂದರಲ್ಲಿದ್ದ 10 ಮಂದಿ ಹಿರಿಯರಿಗೆ ಎಂಟು ವಾರ ಕಾಲುಗಳಿಂದ ಭಾರ ಎತ್ತುವ ವ್ಯಾಯಾಮ ಮಾಡಿಸಿದರು. ಎಲ್ಲರಿಗೂ 86ರಿಂದ 96 ವಯಸ್ಸು, ನಿತ್ರಾಣ ಬೇರೆ. ಒಬ್ಬರು ನಡುವೆ ಬಿಟ್ಟರು. ಉಳಿದವರ ತೊಡೆಯ ಬಲ ಸರಾಸರಿ ನೂರಕ್ಕೆ 174ರಷ್ಟು ಹೆಚ್ಚಿತ್ತು, ಅಂದರೆ ಎರಡೂವರೆ ಪಟ್ಟಿಗಿಂತ ಜಾಸ್ತಿ. ಹೆಜ್ಜೆಯ ಮುಂದೆ ಹೆಜ್ಜೆ ಇಟ್ಟು ಗೆರೆಯ ಮೇಲೆ ನಡೆಯುವ ವೇಗ ಹೆಚ್ಚುಕಡಿಮೆ ಒಂದೂವರೆ ಪಟ್ಟು ಆಗಿತ್ತು.